ಪೇಟೆಗೆ ರಾತ್ರಿ ಪ್ರಯಾಣ: ನಿದ್ದೆಗೆಟ್ಟು ವಾಹನ ನಡೆಸದಿರಿ

ಬೆಳೆ ಬೆಳೆಯುವುದು ಎಷ್ಟು ಮುಖ್ಯವೋ, ಬೆಳೆದ ಮಾಲನ್ನು ಸಕಾಲಕ್ಕೆ ಪೇಟೆ ಮುಟ್ಟಿಸುವುದೂ ಅಷ್ಟೇ ಮುಖ್ಯ. ಬಸವಕಲ್ಯಾಣ, ಹುಮನಾಬಾದ್ ಭಾಗದ ರೈತರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಪುಣೆಯಿಂದ ಸೊಲ್ಲಾಪುರ, ಹುಮನಾಬಾದ್ ಮಾರ್ಗವಾಗಿ ಹೈದರಾಬಾದಿಗೆ ಹೋಗುವ 65ನೇ ರಾಷ್ಟ್ರೀಯ ಹೆದ್ದಾರಿ (ಹಿಂದಿನ 9ನೇ ಹೆದ್ದಾರಿ) ಇಲ್ಲಿಯೇ ಹಾದುಹೋಗುತ್ತದೆ. ಹುಮನಾಬಾದಿನಿಂದ ಹೈದರಾಬಾದ್ ಸುಮಾರು 150 ಕಿ.ಮೀ.; ಸೊಲ್ಲಾಪುರವೂ ಹೆಚ್ಚುಕಡಿಮೆ ಅಷ್ಟೇ ದೂರ. ಬೆಳಗಿನ ಹರಾಜಿಗೆ ತರಕಾರಿ ಮುಟ್ಟಬೇಕಾದರೆ ರಾತ್ರಿ ಹೊರಡುವುದು ಅನಿವಾರ್ಯ. ಆದರೆ ಚಾಲಕನಿಗೆ ಬರುವ ಒಂದು ಕ್ಷಣದ ಜೋಂಪು ವರ್ಷದ ದುಡಿಮೆಯನ್ನಷ್ಟೇ ಅಲ್ಲ, ಜೀವವನ್ನೂ ಕಳೆಯಬಲ್ಲದು.

ಒಂದು ದಿನದ ಲೆಕ್ಕ

ಟೊಮೆಟೊ ಬೆಳೆದ ರೈತರೊಬ್ಬರು ಬೆಳಗಿನ 5 ಗಂಟೆಗೆ ಎದ್ದರೆಂದು ತಿಳಿಯಿರಿ. ಹಗಲೆಲ್ಲ ಕಾಯಿ ಬಿಡಿಸುವುದು, ಆರಿಸುವುದು. ಸಂಜೆ ವಾಹನಕ್ಕೆ ಹೇರುವುದು. ಊಟ ಮುಗಿಸಿ ರಾತ್ರಿ 11ಕ್ಕೆ ತಾವೇ ವಾಹನ ನಡೆಸುತ್ತ ಹೊರಟರೆ, ಹೊರಡುವ ಹೊತ್ತಿಗಾಗಲೇ ಅವರು ಎಚ್ಚರವಿದ್ದು 18 ಗಂಟೆಗಳಾಗಿರುತ್ತವೆ. ಪೇಟೆ ಮುಟ್ಟುವಾಗ 22 ಗಂಟೆ!

ಸತತ 17 ಗಂಟೆ ಎಚ್ಚರವಿದ್ದವನ ಚುರುಕುತನ, 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ. ಮದ್ಯಸಾರ ಇರುವವನಷ್ಟೇ ಕುಗ್ಗಿರುತ್ತದೆ ಎಂದು ಸಂಶೋಧನೆಗಳು ತೋರಿಸಿವೆ. 24 ಗಂಟೆಯಾದರೆ ಅದು 100 ಮಿ.ಗ್ರಾಂ.ಗೆ ಸಮ. ನಮ್ಮ ಮೋಟಾರು ವಾಹನ ಕಾಯಿದೆ ಹಾಕಿರುವ ಮಿತಿ ಕೇವಲ 30 ಮಿ.ಗ್ರಾಂ. ಅಂದರೆ ಹನಿ ಮದ್ಯ ಮುಟ್ಟದವರೂ ನಿದ್ದೆಗೆಟ್ಟರೆ ಕುಡಿದವರಂತೆಯೇ ವಾಹನ ನಡೆಸುತ್ತಾರೆ. ಆದ್ದರಿಂದ ಪ್ರಯಾಣದ ಲೆಕ್ಕವನ್ನು ವಾಹನ ಹೊರಟ ಹೊತ್ತಿನಿಂದಲ್ಲ, ಚಾಲಕ ಹಾಸಿಗೆ ಬಿಟ್ಟೆದ್ದ ಹೊತ್ತಿನಿಂದ ಇಡಬೇಕು.

ಅಪಾಯದ ವೇಳೆ ಯಾವುದು?

ನಮ್ಮ ದೇಹಕ್ಕೂ ಒಂದು ಗಡಿಯಾರವಿದೆ. ರಾತ್ರಿ 2ರಿಂದ ಬೆಳಗಿನ 6ರವರೆಗೆ ಹಾಗೂ ಮಧ್ಯಾಹ್ನ 2ರಿಂದ 4ರವರೆಗೆ ಅದು ನಿದ್ದೆಯ ಕಡೆ ಎಳೆಯುತ್ತದೆ. ಹೋಗುವಾಗ ಎಚ್ಚರ ವಹಿಸಿದವರೂ ಮರಳುವಾಗ ಮೈಮರೆಯುವುದುಂಟು. ಮಾಲು ಮಾರಿದ ನೆಮ್ಮದಿ, ಧಾಬಾದ ಹೊಟ್ಟೆ ತುಂಬ ಊಟ, ಮಧ್ಯಾಹ್ನದ ಬಿಸಿಲು ಮೂರೂ ಸೇರಿದರೆ ಕಣ್ಣು ತಾನಾಗಿ ಮುಚ್ಚುತ್ತದೆ. ನಾಲ್ಕು ಪಥದ ನೇರ ರಸ್ತೆಯಲ್ಲಿ ತಗ್ಗು, ತಿರುವು ಕಡಿಮೆಯಾದ್ದರಿಂದ ಮಂಪರು ಇನ್ನೂ ಬೇಗ ಕವಿಯುತ್ತದೆ.

ಗಂಟೆಗೆ 60 ಕಿ.ಮೀ. ವೇಗದಲ್ಲಿ 3 ಸೆಕೆಂಡು ಕಣ್ಣು ಮುಚ್ಚಿದರೆ ವಾಹನ 50 ಮೀಟರು ಕುರುಡಾಗಿ ಓಡಿರುತ್ತದೆ. ಅಷ್ಟರಲ್ಲಿ ಮುಂದೆ ಹಿಂದೀಪವಿಲ್ಲದ ಕಬ್ಬಿನ ಟ್ರೇಲರ್ ಇದ್ದರೆ ಗತಿಯೇನು?

ಮುನ್ಸೂಚನೆಗಳು

ಪದೇ ಪದೇ ಆಕಳಿಕೆ, ಕಣ್ಣುರಿ, ತಲೆ ವಾಲುವುದು, ವಾಹನ ಪಕ್ಕದ ಪಥಕ್ಕೆ ಸರಿಯುವುದು, ಹಿಂದೆ ಬಿಟ್ಟ ನಾಲ್ಕೈದು ಕಿ.ಮೀ. ರಸ್ತೆ ನೆನಪಿಗೆ ಬಾರದಿರುವುದು. ಬೆಳೆ ಬಾಡಿದ್ದು ಕಣ್ಣಿಗೆ ಕಾಣುವ ಮೊದಲೇ ಬೇರಿಗೆ ನೀರು ಸಾಲದಾಗಿರುತ್ತದೆ. ಹಾಗೆಯೇ ಈ ಚಿಹ್ನೆಗಳು ಕಂಡಾಗ ತಡವಾಗಿಯೇ ಆಗಿರುತ್ತದೆ. ಕೂಡಲೇ ವಾಹನ ನಿಲ್ಲಿಸಬೇಕು.

ಅನುಸರಿಸಬೇಕಾದ ಕ್ರಮಗಳು

1. ರಾತ್ರಿ ವಾಹನ ನಡೆಸುವವರನ್ನು ಹಗಲು ಕಟಾವಿಗೆ, ಹೇರುವ ಕೆಲಸಕ್ಕೆ ಹಚ್ಚಬೇಡಿ. ಹೊರಡುವ ಮುನ್ನ ಅವರು ನಾಲ್ಕೈದು ಗಂಟೆಯಾದರೂ ಮಲಗಲಿ.

2. ಚೆನ್ನಾಗಿ ಒಣಗಿಸಿದ ತೊಗರಿ, ಕಡಲೆ, ಸೋಯಾ ಅವರೆ ಒಂದು ದಿನ ತಡವಾದರೆ ಕೆಡುವುದಿಲ್ಲ. ಇವನ್ನು ಹಗಲಿನಲ್ಲೇ ಸಾಗಿಸಿರಿ. ಟೊಮೆಟೊವನ್ನು ಬಣ್ಣ ತಿರುಗುವ ಹಂತದಲ್ಲಿ ಕಿತ್ತು ಕ್ರೇಟುಗಳಲ್ಲಿ ತುಂಬಿದರೆ ಅರ್ಧ ಗಂಟೆ ನಿಂತದ್ದಕ್ಕೆ ನಷ್ಟವಿಲ್ಲ.

3. ಪ್ರತಿ ಎರಡು ಗಂಟೆಗೊಮ್ಮೆ ನಿಲ್ಲಿಸಿ ಇಳಿದು ಅಡ್ಡಾಡಿರಿ. ಸಾಧ್ಯವಾದರೆ ಪರವಾನಗಿಯುಳ್ಳ ಎರಡನೇ ಚಾಲಕರಿರಲಿ.

4. ನಿದ್ದೆ ಎಳೆದರೆ ಪೆಟ್ರೋಲ್ ಬಂಕ್ ಅಥವಾ ಧಾಬಾದ ಅಂಗಳದಲ್ಲಿ ನಿಲ್ಲಿಸಿ ಚಹಾ ಕುಡಿದು, 15–20 ನಿಮಿಷ ಮಲಗಿರಿ. ಚಹಾದ ಗುಣ ತೋರಲು ಸುಮಾರು ಅಷ್ಟೇ ಹೊತ್ತು ಬೇಕು. ಎದ್ದ ಮೇಲೆ ಐದ್ಹತ್ತು ನಿಮಿಷ ನಡೆದಾಡಿ ಮುಂದೆ ಸಾಗಿರಿ. ಹೆದ್ದಾರಿಯ ಅಂಚಿನಲ್ಲಿ ಮಾತ್ರ ನಿಲ್ಲಿಸಿ ಮಲಗಬೇಡಿ.

5. ಕಿಟಕಿ ತೆರೆಯುವುದು, ಹಾಡು ಹಚ್ಚುವುದು, ಮುಖಕ್ಕೆ ನೀರು ಚಿಮುಕಿಸುವುದು, ತಂಬಾಕು ಜಗಿಯುವುದು ನಿದ್ದೆಗೆ ಬದಲಲ್ಲ.

6. ನೆಗಡಿ, ಅಲರ್ಜಿಯ ಕೆಲವು ಮಾತ್ರೆಗಳು ಮಂಪರು ತರುತ್ತವೆ. ವೈದ್ಯರನ್ನು ಕೇಳಿ ತೆಗೆದುಕೊಳ್ಳಿ. ಕೀಟನಾಶಕ ಸಿಂಪಡಿಸಿದ ದಿನ ತಲೆಸುತ್ತು, ಕಣ್ಣು ಮಂಜಾಗುವುದು ಕಂಡರೆ ವಾಹನ ಮುಟ್ಟದೆ ಆಸ್ಪತ್ರೆಗೆ ತೋರಿಸಿ. ಜೋರಾಗಿ ಗೊರಕೆ ಹೊಡೆದು ಹಗಲೂ ತೂಕಡಿಸುವವರು ಸಹ ವೈದ್ಯರನ್ನು ಕಾಣಬೇಕು.

7. ಟ್ರೇಲರಿನ ಹಿಂದೆ ಕೆಂಪು ದೀಪ, ಬೆಳಕು ಪ್ರತಿಫಲಿಸುವ ಪಟ್ಟಿ ಹಾಕಿಸಿರಿ. ತೂಕಡಿಸುತ್ತ ಬರುವ ಇನ್ನೊಬ್ಬರಿಂದ ಅದೇ ನಿಮಗೆ ರಕ್ಷಣೆ.

ಬಾಡಿಗೆ ವಾಹನ ಹಿಡಿದಾಗ

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ 8 ಗಂಟೆಯ ಕೆಲಸವನ್ನೂ, ಹೆಚ್ಚೆಂದರೆ 5 ಗಂಟೆಗೊಮ್ಮೆ ಅರ್ಧ ಗಂಟೆಯ ವಿಶ್ರಾಂತಿಯನ್ನೂ ವಿಧಿಸಿತು. ಅದು ಸಾರಿಗೆ ಸಂಸ್ಥೆಗಳಿಗೆ ಮಾಡಿದ ಕಾನೂನಾದರೂ ಅಳತೆ ನಮಗೂ ಒಳ್ಳೆಯದು. ಶ್ರೀಶೈಲಕ್ಕೋ ತುಳಜಾಪುರಕ್ಕೋ ಕುಟುಂಬ ಸಮೇತ ಜೀಪು ಮಾಡಿಕೊಂಡು ಹೋಗುವಾಗ ಚಾಲಕ ಹಿಂದಿನ ರಾತ್ರಿ ಮಲಗಿದ್ದನೇ ಎಂದು ಕೇಳಿರಿ. ಇಲ್ಲವೆಂದರೆ ಪ್ರಯಾಣವನ್ನು ಬೆಳಗಿಗೆ ಮುಂದೂಡಿರಿ. ಹೆದ್ದಾರಿಯಲ್ಲಿ ತೊಂದರೆಯಾದರೆ 1033 ಅಥವಾ 112ಕ್ಕೆ ಕರೆಮಾಡಿ.

ರೈತ ಬಾಂಧವರೇ, ಒಂದು ಹರಾಜು ತಪ್ಪಿದರೆ ಕೆಲವು ರೂಪಾಯಿ ಕಡಿಮೆಯಾದೀತು. ಮರುದಿನ ಪೇಟೆ ಇದ್ದೇ ಇರುತ್ತದೆ. ಮುಂದಿನ ಹಂಗಾಮಿಗೆ ಹೊಲದಲ್ಲಿ ನೀವಿರಬೇಕು. ಈ ಬಾರಿ ಮಾಲು ಹೇರುವ ದಿನ, ಕಟಾವಿನ ಆಳುಗಳನ್ನು ಗೊತ್ತು ಮಾಡುವಾಗಲೇ ಚಾಲಕರ ನಿದ್ದೆಯ ವೇಳೆಯನ್ನೂ ಗೊತ್ತು ಮಾಡಿರಿ.