ಕ್ಲಚ್ ಪೆಡಲ್ ಕುಂತರೆ ಎಂಜಿನ್ ಆಯಿಲ್ ಹಾಕಿ ಊರು ಮುಟ್ಟಬಹುದೇ?

"ಕ್ಲಚ್ ಆಯಿಲ್ ಖಾಲಿಯಾದರೆ ಚಿಂತೆ ಬೇಡ. ಡಬ್ಬಿಗೆ ಎಂಜಿನ್ ಆಯಿಲ್ ಅಥವಾ ಕೊಬ್ಬರಿ ಎಣ್ಣೆ ಹಾಕಿ, ಗಾಡಿ ಓಡುತ್ತದೆ." ಈ ಧಾಟಿಯ ಸಲಹೆ ವಾಟ್ಸಾಪ್‌ನಲ್ಲಿ ಬಂದರೆ ಮುಂದಕ್ಕೆ ಕಳಿಸಬೇಡಿ. ಗಾಡಿ ಸ್ವಲ್ಪ ದೂರ ಓಡಬಹುದು ನಿಜ. ಆಮೇಲೆ ಕ್ಲಚ್ ಜೊತೆ ಬ್ರೇಕ್ ಕೂಡ ಕೈಕೊಡಬಹುದು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಹಳೆ ಕಾರು, ಜೀಪು ಇಟ್ಟುಕೊಂಡವರಿಗೆ "ಕ್ಲಚ್ ಕುಂತೈತ್ರಿ" ಅನ್ನುವ ಮಾತು ಹೊಸದಲ್ಲ. ಪೆಡಲ್ ಒತ್ತಿದರೆ ನೆಲಕ್ಕೆ ಹೋಗಿ ಅಲ್ಲೇ ಉಳಿಯುತ್ತದೆ, ಗೇರ್ ಬೀಳುವುದಿಲ್ಲ. ಕೆಲವು ಗಾಡಿಗಳಲ್ಲಿ ಕ್ಲಚ್ ಕೇಬಲ್ ಇರುತ್ತದೆ, ಅವುಗಳಿಗೆ ಈ ಲೇಖನ ಅನ್ವಯಿಸದು. ಇನ್ನು ಕೆಲವದರಲ್ಲಿ ಕೇಬಲ್ ಬದಲು ಆಯಿಲ್ ಕೆಲಸ ಮಾಡುತ್ತದೆ. ಪೆಡಲ್ ಒತ್ತಿದಾಗ ಮೇಲಿನ ಮಾಸ್ಟರ್ ಸಿಲಿಂಡರ್ ಆಯಿಲನ್ನು ಪೈಪಿನೊಳಗೆ ತಳ್ಳುತ್ತದೆ. ಗೇರ್‌ಬಾಕ್ಸ್ ಹತ್ತಿರದ ಸ್ಲೇವ್ ಸಿಲಿಂಡರ್ ಆ ಒತ್ತಡದಿಂದ ಕ್ಲಚ್ ಬಿಡಿಸುತ್ತದೆ. ನೀರು ತುಂಬಿದ ಎರಡು ಸಿರಿಂಜ್‌ಗಳನ್ನು ಟ್ಯೂಬಿನಿಂದ ಜೋಡಿಸಿ ಒಂದನ್ನು ಒತ್ತಿದರೆ ಇನ್ನೊಂದು ಏಳುತ್ತದಲ್ಲ, ಅಷ್ಟೇ ಇದು.

ಹಾಗಾದರೆ ಯಾವ ಎಣ್ಣೆಯಾದರೇನು? ಇಲ್ಲೇ ತಪ್ಪುವುದು. ಹೆಚ್ಚಿನ ಗಾಡಿಗಳ ಕ್ಲಚ್‌ನಲ್ಲಿರುವುದು ಬ್ರೇಕ್ ಆಯಿಲ್. ಹೆಸರಿಗೆ ಆಯಿಲ್, ನಿಜದಲ್ಲಿ ಅದು ಗ್ಲೈಕಾಲ್ ಜಾತಿಯ ದ್ರವ. ಸಿಲಿಂಡರ್ ಒಳಗಿನ ರಬ್ಬರ್ ವಾಷರ್‌ಗಳು ಆ ದ್ರವಕ್ಕೆ ತಕ್ಕಂತೆ ತಯಾರಾದವು. ಎಂಜಿನ್ ಆಯಿಲ್ ತಗುಲಿದರೆ ಅವು ಉಬ್ಬಿ ಮೆತ್ತಗಾಗುತ್ತವೆ. ಎಷ್ಟೋ ಕಾರುಗಳಲ್ಲಿ ಕ್ಲಚ್‌ಗೂ ಬ್ರೇಕ್‌ಗೂ ಆಯಿಲ್ ಡಬ್ಬಿ ಒಂದೇ. ಕ್ಲಚ್‌ಗೆಂದು ಹಾಕಿದ ಎಣ್ಣೆ ಬ್ರೇಕಿನ ವಾಷರ್‌ಗಳನ್ನೂ ಹಾಳು ಮಾಡುತ್ತದೆ. ಆಗಲೇ ಹಾಕಿಬಿಟ್ಟಿದ್ದರೆ ಗಾಡಿ ಓಡಿಸಬೇಡಿ, ಟೋ ಮಾಡಿಸಿ. ಬರೀ ಆಯಿಲ್ ಬದಲಿಸಿದರೆ ಸಾಲದು, ಆ ಎಣ್ಣೆ ಮುಟ್ಟಿದ ರಬ್ಬರ್ ಭಾಗಗಳನ್ನೆಲ್ಲ ಬದಲಿಸಬೇಕಾಗುತ್ತದೆ.

"ಬಿಸಿಲಿಗೆ ಆಯಿಲ್ ಆರಿತು" ಎನ್ನುವುದೂ ಸರಿಯಲ್ಲ. ವಿಜಯಪುರ ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಆದರೆ ಡಾಟ್ 3 ಆಯಿಲ್ ನೀರಿನಂಶ ಹೀರಿ ಹಳತಾದ ಮೇಲೂ ಕನಿಷ್ಠ 140 ಡಿಗ್ರಿವರೆಗೆ ಕುದಿಯಬಾರದು, ಡಾಟ್ 4 ಆದರೆ 155. ಇನ್ನೊಂದು ಸ್ವಾರಸ್ಯ: ಕ್ಲಚ್ ಪ್ಲೇಟ್ ಸವೆದಂತೆ ಅದರ ಡಬ್ಬಿಯ ಮಟ್ಟ ಸಾಮಾನ್ಯವಾಗಿ ಇಳಿಯುವುದಿಲ್ಲ, ತುಸು ಏರುತ್ತದೆ. ಆದ್ದರಿಂದ ಕ್ಲಚ್‌ಗೇ ಬೇರೆ ಡಬ್ಬಿಯಿದ್ದು ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ತಿಳಿಯಿರಿ.

ಎಲ್ಲಿ ಎಂದು ಹುಡುಕುವುದು ಕಷ್ಟವೇನಲ್ಲ. ಟಾರ್ಚ್ ಹಿಡಿದು ಪೆಡಲ್ ಮೇಲ್ಭಾಗ ನೋಡಿ. ಅಲ್ಲಿ ಒದ್ದೆಯಿದ್ದರೆ ಮಾಸ್ಟರ್ ಸೋರುತ್ತಿದೆ. ಸ್ಲೇವ್ ಸಿಲಿಂಡರ್‌ನ ರಬ್ಬರ್ ಟೋಪಿ ಸರಿಸಿದಾಗ ಆಯಿಲ್ ಇಳಿದರೆ ದೋಷ ಅಲ್ಲಿದೆ. ಹೊರಗೆಲ್ಲ ಒಣಗಿದ್ದೂ ಪೆಡಲ್ ಒತ್ತಿ ಹಿಡಿದಾಗ ಕ್ಲಚ್ ನಿಧಾನಕ್ಕೆ ತಾನೇ ಹಿಡಿದುಕೊಳ್ಳುತ್ತಿದ್ದರೆ ಮಾಸ್ಟರ್‌ನ ಒಳ ವಾಷರ್ ಮೇಲೆ ಅನುಮಾನ ಪಡಿ. (ಎಂಜಿನ್ ಆಫ್ ಇರಲಿ, ಹ್ಯಾಂಡ್‌ಬ್ರೇಕ್ ಹಾಕಿ, ಇನ್ನೊಬ್ಬರು ಸ್ಲೇವ್ ರಾಡ್ ಹಿಂದೆ ಸರಿಯುವುದನ್ನು ನೋಡಲಿ.) ನಾಲ್ಕಾರು ಬಾರಿ ಪಂಪ್ ಮಾಡಿದ ಮೇಲೆ ಮಾತ್ರ ಗೇರ್ ಬಿದ್ದರೆ ಏರ್ ಹಿಡಿದಿರಬಹುದು. ಸ್ಲೇವ್ ರಾಡ್ ಪೂರ್ತಿ ಚಲಿಸಿದರೂ ಗೇರ್ ಬೀಳದಿದ್ದರೆ ಆಯಿಲನ್ನು ದೂರಬೇಡಿ. ದೋಷ ಪ್ಲೇಟ್, ಫೋರ್ಕ್ ಕಡೆ ಇರಬಹುದು.

ಜಪಾನಿನ ಮಾಜ್ದಾ ಎಂಎಕ್ಸ್-5 ಎಂಬ ಪುಟ್ಟ ಸ್ಪೋರ್ಟ್ಸ್ ಕಾರು 1989ರಲ್ಲಿ ಬಂತು. ಅದರ ಹಳೆಯ ಮಾದರಿಗಳಲ್ಲಿ ಸ್ಲೇವ್ ಸಿಲಿಂಡರ್ ಸೋರುವುದು ಮಾಲೀಕರಿಗೆಲ್ಲ ಗೊತ್ತಿರುವ ಕಾಯಿಲೆ. ಕಾರು ದುಬಾರಿಯಾದರೂ ದೋಷ ನಮ್ಮ ಜೀಪಿನದ್ದೇ, ಚಿಕಿತ್ಸೆಯೂ ಅದೇ. ಸಿಲಿಂಡರ್ ಒಳಗೋಡೆ ನುಣುಪಾಗಿದ್ದರೆ ವಾಷರ್ ಕಿಟ್ ಸಾಕು. ಗೀರು, ತುಕ್ಕು ಕಂಡರೆ ಸಿಲಿಂಡರನ್ನೇ ಬದಲಿಸಿ. ಅಲ್ಲಿ ಉಳಿಸಿದ ದುಡ್ಡು ಬಹಳ ದಿನ ಉಳಿಯುವುದಿಲ್ಲ. ಕೆಲವು ಹೊಸ ಗಾಡಿಗಳಲ್ಲಿ ಸ್ಲೇವ್ ಗೇರ್‌ಬಾಕ್ಸ್ ಒಳಗೇ ಇರುತ್ತದೆ, ಗೇರ್‌ಬಾಕ್ಸ್ ಇಳಿಸದೆ ವಿಧಿಯಿಲ್ಲ.

ನಂತರ ಏರ್ ತೆಗೆಯಬೇಕು, ಇದಕ್ಕೆ ಇಬ್ಬರು ಬೇಕು. ಸ್ಲೇವ್ ನಿಪ್ಪಲ್‌ಗೆ ಪಾರದರ್ಶಕ ಪೈಪು ಸಿಕ್ಕಿಸಿ, ಅದರ ತುದಿ ತುಸು ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಲಿ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ನಿಪ್ಪಲ್ ಸಡಿಲಿಸಿ ಮತ್ತೆ ಬಿಗಿ ಮಾಡಬೇಕು, ಆಮೇಲಷ್ಟೇ ಪೆಡಲ್ ಬಿಡಬೇಕು. ಗುಳ್ಳೆ ನಿಲ್ಲುವವರೆಗೂ ಇದೇ ಕೆಲಸ. ನಡುವೆ ಮೇಲಿನ ಡಬ್ಬಿ ಬರಿದಾದರೆ ಮತ್ತೆ ಏರ್ ಹೊಕ್ಕು ಮೊದಲಿಂದ ಶುರುಮಾಡಬೇಕು.

ಯಾವ ಆಯಿಲ್ ಎಂಬುದು ಡಬ್ಬಿಯ ಮುಚ್ಚಳದ ಮೇಲೆ ಅಥವಾ ಕೈಪಿಡಿಯಲ್ಲಿ ಬರೆದಿರುತ್ತದೆ. ಡಾಟ್ 5 ಸಿಲಿಕೋನ್ ಜಾತಿಯದ್ದು, ಅದನ್ನು ಡಾಟ್ 3 ಅಥವಾ 4ರ ಜೊತೆ ಬೆರೆಸಬಾರದು. ಬ್ರೇಕ್ ಆಯಿಲ್ ವಿಷ, ನೀರಿನ ಬಾಟಲಿಯಲ್ಲಿ ತುಂಬಿಡಬೇಡಿ. ಗಾಡಿಯ ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ. ಹೋದ ವರ್ಷ ಸೀಲ್ ಒಡೆದು ಮೂಲೆಯಲ್ಲಿಟ್ಟ ಅರ್ಧ ಡಬ್ಬಿಯೂ ಬೇಡ, ಅದು ಗಾಳಿಯ ತೇವವನ್ನು ಹೀರಿಕೊಂಡಿರುತ್ತದೆ.