ನೇರಳೆ ಕೊಳವೆಯೊಳಗೆ ಏನಿದೆ?

ಕಾರ್ಖಾನೆಯ ಕೊಳವೆಗಳಿಗೆ ನಿಯಮದಂತೆ ಬಣ್ಣ ಬಳಿದುಬಿಟ್ಟರೆ ಅಪಾಯ ತಪ್ಪಿತು ಎಂದು ನಂಬುವವರು ಬಹಳ. ಬಣ್ಣ ಬೇಕೇ ಬೇಕು. ಆದರೆ ಅದರಿಂದ ತಿಳಿಯುವುದು ಒಳಗಿರುವ ದ್ರವದ ಕುಲ ಮಾತ್ರ. ಭಾರತೀಯ ಮಾನಕ ಐಎಸ್ 2379ರ ಪ್ರಕಾರ ನೀರಿಗೆ ಸಮುದ್ರಹಸಿರು, ಎಣ್ಣೆಗೂ ಉರಿಯುವ ದ್ರವಗಳಿಗೂ ತಿಳಿಗಂದು, ಆಮ್ಲ ಕ್ಷಾರಗಳೆರಡಕ್ಕೂ ಒಂದೇ ಕಡುನೇರಳೆ. ಮೈಮೇಲೆ ಬಿದ್ದರೆ ಎರಡೂ ಸುಡುತ್ತವೆ, ಹಾಗಾಗಿ ಈ ವಿಂಗಡಣೆಗೆ ಅರ್ಥವಿದೆ. ಅವೆರಡೂ ಒಂದೇ ಟ್ಯಾಂಕಿಗೆ ಬಿದ್ದರೆ?

ಅಮೆರಿಕದ ಕಾನ್ಸಸ್ ರಾಜ್ಯದ ಆಚಿಸನ್ ಊರಿನಲ್ಲಿ 2016ರ ಅಕ್ಟೋಬರ್ 21ರಂದು ಆದದ್ದು ಅದೇ. ಸಲ್ಫ್ಯೂರಿಕ್ ಆಮ್ಲ ತಂದ ಟ್ಯಾಂಕರ್ ಚಾಲಕ ಹೋಸನ್ನು ಸೋಡಿಯಂ ಹೈಪೋಕ್ಲೋರೈಟ್ ಟ್ಯಾಂಕಿನ ಬಾಯಿಗೆ ಜೋಡಿಸಿದ. ಹೈಪೋಕ್ಲೋರೈಟ್‌ಗೆ ಆಮ್ಲ ಬೆರೆತರೆ ಹೊರಬರುವುದು ಕ್ಲೋರಿನ್. ಹಸಿರು ಮಿಶ್ರಿತ ಹಳದಿ ಮೋಡ ಊರ ಮೇಲೆ ಹರಡಿ, 140ಕ್ಕೂ ಹೆಚ್ಚು ಜನ ಚಿಕಿತ್ಸೆಗೆ ಓಡಬೇಕಾಯಿತು. ತನಿಖೆ ಮಾಡಿದ ಕೆಮಿಕಲ್ ಸೇಫ್ಟಿ ಬೋರ್ಡ್ ಕಂಡದ್ದು ತೀರ ಸಣ್ಣ ಸಂಗತಿ: ಎರಡು ಕೊಳವೆಬಾಯಿಗಳ ನಡುವೆ ಬರೀ ಒಂದೂವರೆ ಅಡಿ ಅಂತರ, ನೋಟಕ್ಕೆ ಎರಡೂ ಒಂದೇ ಥರ, ಸ್ಪಷ್ಟ ಗುರುತಿಲ್ಲ. ಬಣ್ಣ ಬಳಿದಿದ್ದರೆ ಚಾಲಕನಿಗೆ ತಿಳಿಯುತ್ತಿತ್ತೇ? ಹೈಪೋಕ್ಲೋರೈಟ್ ದ್ರಾವಣ ಕ್ಷಾರೀಯ. ನಮ್ಮ ಕ್ರಮದಲ್ಲಿ ಎರಡಕ್ಕೂ ಮೂಲಬಣ್ಣ ನೇರಳೆಯೇ ಆಗುತ್ತಿತ್ತು. ಅಮೆರಿಕದ ಎ13.1 ಮಾನಕ ವಿಷಕಾರಿ ಮತ್ತು ಕೊರೆಯುವ ದ್ರವಗಳನ್ನೆಲ್ಲ ಕಿತ್ತಳೆಯಲ್ಲಿ ಸೇರಿಸುತ್ತದೆ; ಅಲ್ಲೂ ಎರಡೂ ಒಂದೇ. ಜರ್ಮನಿಯ ಡಿಐಎನ್ 2403 ಮಾತ್ರ ಆಮ್ಲಕ್ಕೆ ಕಿತ್ತಳೆ, ಕ್ಷಾರಕ್ಕೆ ನೇರಳೆ ಎಂದು ಬೇರ್ಪಡಿಸಿದೆ. ಜರ್ಮನರ ಈ ವಿವೇಕ ನನಗೆ ತುಂಬ ಮೆಚ್ಚುಗೆ.

ಮೂಲಬಣ್ಣದ ಮೇಲೆ ಬೇರೆ ಬಣ್ಣದ ಪಟ್ಟಿ ಹಾಕಿ ವ್ಯತ್ಯಾಸ ತೋರಿಸಲು ನಮ್ಮ ಮಾನಕದಲ್ಲೂ ಅವಕಾಶವಿದೆಯಲ್ಲ ಎನ್ನಬಹುದು. ಇದೆ, ಆದರೆ ಪಟ್ಟಿಯ ಅರ್ಥ ಬಲ್ಲವನು ಒಳಗಿನ ಕೆಲಸಗಾರ. ಹೋಸ್ ಹಿಡಿದು ಬರುವವನು ಹೊರಗಿನವನು. ಅಲ್ಲದೆ ಕೆಂಪು-ಹಸಿರು ವರ್ಣಾಂಧತೆ ಇರುವವರಿಗೆ ಹಸಿರೂ ಕಂದೂ ಸುಲಭವಾಗಿ ಕಲಸಿಹೋಗುತ್ತವೆ. ನೀರು ಯಾವುದು, ಉರಿಯುವ ಎಣ್ಣೆ ಯಾವುದು ಎಂಬ ಪ್ರಶ್ನೆಯನ್ನು ಅಂಥ ಕಣ್ಣಿಗೆ ಬಿಡುವುದು ತಪ್ಪು. ಓದು ಬಾರದವರಿಗೆ ಬಣ್ಣವೇ ಗತಿ ಎಂಬ ಆಕ್ಷೇಪಕ್ಕೆ ತೂಕವಿದೆ, ಅದಕ್ಕೇ ಬಣ್ಣವನ್ನು ಕೈಬಿಡಬಾರದು. ಅದರ ಜೊತೆಗೆ ದ್ರವದ ಪೂರ್ತಿ ಹೆಸರು, ಹರಿವಿನ ಬಾಣ ಎರಡೂ ಇರಬೇಕು. ವಾಲ್ವ್ ಬಳಿ, ಕವಲಿನಲ್ಲಿ, ಗೋಡೆಯ ಎರಡೂ ಬದಿಯಲ್ಲಿ, ಅಲ್ಲಿ ಕೆಲಸ ಮಾಡುವವರು ಓದಬಲ್ಲ ಲಿಪಿಯಲ್ಲಿ. ಟ್ಯಾಂಕರ್ ಬಂದು ನಿಲ್ಲುವ ಜಾಗದಲ್ಲಂತೂ ಇಷ್ಟೂ ಸಾಲದು: ಒಂದೊಂದು ರಾಸಾಯನಿಕದ ಕೊಳವೆಬಾಯಿಗೂ ಬೇರೆ ಬೇರೆ ಅಳತೆ, ಬೇರೆ ಆಕಾರದ ಜೋಡಣೆ ಕೂರಿಸಬೇಕು. ಆಗ ಆಮ್ಲದ ಹೋಸನ್ನು ಹೈಪೋಕ್ಲೋರೈಟ್ ಬಾಯಿಗೆ ತಿರುಗಿಸಲು ಹೋದರೂ ಅದು ಕೂರುವುದೇ ಇಲ್ಲ.