ಟೋಪಿ ಎತ್ತಬೇಕಾದೀತೆಂಬ ಭಯ

ನಮ್ಮ ಕಾಲೇಜಿನಿಂದ ನಿವೃತ್ತರಾದ ಹಿರಿಯರೊಬ್ಬರು 2024ರಲ್ಲಿ ಮಗಳ ಮನೆಯಲ್ಲಿ ಆರು ತಿಂಗಳು ಇದ್ದು ಬರಲೆಂದು ಅಮೆರಿಕದ ನ್ಯೂಜೆರ್ಸಿಗೆ ಹೋಗಿದ್ದರು. ಹಿಂದಿರುಗಿ ಬಂದ ಮೇಲೆ ಅವರು ವರ್ಣಿಸಿದ್ದು ಅಲ್ಲಿನ ಸೇತುವೆಗಳನ್ನಲ್ಲ, ಅಂಗಡಿಗಳನ್ನೂ ಅಲ್ಲ. ಮಗಳ ಬೀದಿಯಲ್ಲಿರುವ ಅಕ್ಕಪಕ್ಕದ ಎರಡು ಮನೆಗಳ ಕಥೆಯನ್ನು. ಇಪ್ಪತ್ತು ವರ್ಷ ಒಂದೇ ಬೇಲಿಯ ಆಚೆ ಈಚೆ ಬಾಳಿದ್ದ ಆ ಎರಡು ಸಂಸಾರಗಳು, ಅಧ್ಯಕ್ಷ ಚುನಾವಣೆ ಸಮೀಪಿಸಿ ಅಂಗಳಗಳಲ್ಲಿ ಬೇರೆ ಬೇರೆ ಅಭ್ಯರ್ಥಿಗಳ ಹೆಸರು ಹೊತ್ತ ಹಲಗೆಗಳು ಎದ್ದ ದಿನದಿಂದ ಮಾತು ಬಿಟ್ಟಿದ್ದವಂತೆ. "ಇದೆಲ್ಲ ಹೊಸ ಕಾಲದ ರೋಗ ಕಣಯ್ಯ, ಟೆಲಿವಿಷನ್ನೂ ಮೊಬೈಲೂ ತಂದ ಅನಿಷ್ಟ" ಎಂದು ಅವರು ನಿಟ್ಟುಸಿರಿಟ್ಟರು.

ಹಿರಿಯರ ಮಾತಿಗೆ ಎದುರಾಡಲಾರದೆ ನಾನು ಸುಮ್ಮನಿದ್ದೆ. ಆದರೆ ಮನಸ್ಸಿನಲ್ಲಿ ಹಳೆಯ ಪತ್ರವೊಂದು ಸುಳಿಯಿತು. 1797ರ ಜೂನ್ ತಿಂಗಳಲ್ಲಿ ಅದನ್ನು ಬರೆದವರು ಥಾಮಸ್ ಜೆಫರ್ಸನ್. ಆಗ ಆ ದೇಶದ ಉಪಾಧ್ಯಕ್ಷರು. ಜೀವಮಾನವೆಲ್ಲ ಆತ್ಮೀಯರಾಗಿದ್ದ ಗೃಹಸ್ಥರು ಈಗ ಒಬ್ಬರಿಗೊಬ್ಬರು ಎದುರಾಗದಿರಲೆಂದು ಬೀದಿಯ ಆಚೆ ಬದಿಗೆ ದಾಟುತ್ತಾರೆ, ಟೋಪಿ ಮುಟ್ಟಿ ವಂದಿಸಬೇಕಾದೀತೆಂದು ಮುಖವನ್ನು ಬೇರೆಡೆಗೆ ಹೊರಳಿಸುತ್ತಾರೆ ಎಂದು ಅವರು ಗೆಳೆಯನೊಬ್ಬನಲ್ಲಿ ತೋಡಿಕೊಂಡಿದ್ದರು. ನಮ್ಮಲ್ಲಿ ಚುನಾವಣೆಯೆಂದರೆ ಟೋಪಿ ಹಾಕುವ ಕಾಲವೆಂದು ತಮಾಷೆ ಮಾಡುವುದುಂಟು. ಅಲ್ಲಿ ಟೋಪಿ ಎತ್ತುವುದೇ ಕಷ್ಟವಾಗಿತ್ತು! ಆಗ ದೂರವಾಣಿಯ ಮಾತಿರಲಿ, ರೈಲುಗಾಡಿಯೇ ಇರಲಿಲ್ಲ.

ಆ ಜಗಳದ ಮೂಲವೇನು? ಸ್ವಾತಂತ್ರ್ಯ ಬಂದು ಇಪ್ಪತ್ತು ವರ್ಷ ಕಳೆಯುವುದರೊಳಗೆ ಅಮೆರಿಕದ ಜನ ಎರಡು ಪಕ್ಷಗಳಾಗಿ ಒಡೆದಿದ್ದರು. ಬಲವಾದ ಕೇಂದ್ರ ಸರಕಾರ ಬೇಕು, ಇಂಗ್ಲೆಂಡಿನ ಸ್ನೇಹ ಬೇಕು ಎನ್ನುವವರು ಫೆಡರಲಿಸ್ಟರು. ಅವರ ನಾಯಕರಲ್ಲೊಬ್ಬರು ಎರಡನೆಯ ಅಧ್ಯಕ್ಷ ಜಾನ್ ಆಡಮ್ಸ್. ಸಂಸ್ಥಾನಗಳ ಹಕ್ಕು ದೊಡ್ಡದು, ಫ್ರಾನ್ಸಿನ ಕ್ರಾಂತಿ ನಮ್ಮ ಕ್ರಾಂತಿಯ ತಮ್ಮ ಎನ್ನುವವರು ರಿಪಬ್ಲಿಕನ್ನರು. ಅವರಿಗೆ ಜೆಫರ್ಸನ್ನರೇ ಗುರು. (ಇಂದಿನ ರಿಪಬ್ಲಿಕನ್ ಪಕ್ಷಕ್ಕೂ ಇವರಿಗೂ ಹೆಸರಷ್ಟೇ ಸಮಾನ.) ಆಗಿನ ನಿಯಮವೊಂದು ವಿಚಿತ್ರವಾಗಿತ್ತು. ಹೆಚ್ಚು ಮತ ಪಡೆದವನು ಅಧ್ಯಕ್ಷ, ಅವನಿಗೆ ಸೋತು ಎರಡನೆಯವನಾದವನು ಉಪಾಧ್ಯಕ್ಷ! 1796ರಲ್ಲಿ ಆಡಮ್ಸರಿಗೆ 71, ಜೆಫರ್ಸನ್ನರಿಗೆ 68 ಮತಗಳು ಬಂದವು. ಸವತಿಯರನ್ನು ಒಂದೇ ಅಡಿಗೆಮನೆಗೆ ಬಿಟ್ಟಂತಾಯಿತು.

ಈ ಇಬ್ಬರು ಮೊದಲಿನಿಂದ ವೈರಿಗಳಲ್ಲ. 1776ರಲ್ಲಿ ಸ್ವಾತಂತ್ರ್ಯ ಘೋಷಣೆಯ ಕರಡು ಸಿದ್ಧಪಡಿಸಿದ ಸಮಿತಿಯಲ್ಲಿ ಜೊತೆಗೂಡಿ ದುಡಿದವರು. ಮುಂದೆ ಇಬ್ಬರೂ ಯೂರೋಪಿನಲ್ಲಿ ರಾಯಭಾರಿಗಳಾಗಿದ್ದಾಗ ಮನೆಮಂದಿಯ ಬಳಕೆಯೂ ಬೆಳೆಯಿತು. 1787ರಲ್ಲಿ ತಾಯಿಯಿಲ್ಲದ ಎಂಟು ವರ್ಷದ ಪಾಲಿ ಜೆಫರ್ಸನ್ ಸಮುದ್ರ ದಾಟಿ ಲಂಡನ್ನಿಗೆ ಬಂದಿಳಿದಾಗ ಅವಳನ್ನು ಮಡಿಲಿಗೆ ಹಾಕಿಕೊಂಡವರು ಜಾನ್ ಆಡಮ್ಸರ ಪತ್ನಿ ಅಬಿಗೇಲ್. ಪ್ಯಾರಿಸ್ಸಿನಲ್ಲಿದ್ದ ತಂದೆ ಕರೆಕಳುಹಿಸಿದಾಗ ಮಗು ಈ ತಾಯಿಯನ್ನು ಬಿಟ್ಟು ಹೋಗಲೊಲ್ಲದೆ ಅತ್ತಿತು. ಈ ಪಾಲಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

1798ರಲ್ಲಿ ಫ್ರಾನ್ಸಿನೊಡನೆ ಯುದ್ಧವೇ ಆಗುವಂತಾಯಿತು. ಇತ್ತ ನಮ್ಮ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ ಅದೇ ಫ್ರೆಂಚರ ನೆರವನ್ನು ಎದುರುನೋಡುತ್ತಿದ್ದ ವರ್ಷ ಅದು. ಅತ್ತ ರಾಜಧಾನಿ ಫಿಲಡೆಲ್ಫಿಯದ ಬೀದಿಗಳಲ್ಲಿ ಟೋಪಿಯ ಮೇಲಿನ ರಿಬ್ಬನ್ನಿನ ಗೊಂಡೆಯೇ ಪಕ್ಷದ ಗುರುತಾಯಿತು. ಕಪ್ಪು ಗೊಂಡೆಯವನು ಫೆಡರಲಿಸ್ಟ್. ಫ್ರೆಂಚರ ಮೂರು ಬಣ್ಣದ ಗೊಂಡೆಯವನು ರಿಪಬ್ಲಿಕನ್. ಎರಡು ಬಣ್ಣಗಳು ಎದುರಾದಲ್ಲಿ ಗುದ್ದಾಟ. ಅಧ್ಯಕ್ಷ ಆಡಮ್ಸರು ಜನಜಂಗುಳಿಗೆ ಹೆದರಿ ಹಿತ್ತಿಲ ಓಣಿಯಿಂದ ಮನೆಯೊಳಕ್ಕೆ ಬಂದೂಕಿನ ಪೆಟ್ಟಿಗೆಗಳನ್ನು ತರಿಸಿಟ್ಟುಕೊಂಡಿದ್ದನ್ನು ತಾವೇ ಮುಂದೊಮ್ಮೆ ಹೇಳಿಕೊಂಡಿದ್ದಾರೆ. ಸ್ವಾತಂತ್ರ್ಯ ದಿನವಾದ ಜುಲೈ 4ರ ಔತಣವನ್ನು ಸಹ ಒಂದೇ ಊರಿನ ಎರಡು ಪಕ್ಷದವರು ಬೇರೆ ಬೇರೆ ಪಂಕ್ತಿಯಲ್ಲಿ ಉಣ್ಣತೊಡಗಿದರು.

ಪ್ರಜೆಗಳಿಗೆ ಬುದ್ಧಿ ಹೇಳಬೇಕಾದ ಪ್ರತಿನಿಧಿಗಳಾದರೂ ನೆಟ್ಟಗಿದ್ದರೇ? ಆ ವರ್ಷ ಪ್ರತಿನಿಧಿ ಸಭೆಯಲ್ಲಿ ವರ್ಮಾಂಟಿನ ಮ್ಯಾಥ್ಯೂ ಲಯನ್ ಎಂಬ ರಿಪಬ್ಲಿಕನ್ನನು ಕನೆಕ್ಟಿಕಟ್ಟಿನ ರೋಜರ್ ಗ್ರಿಸ್ವಲ್ಡನ ಮುಖಕ್ಕೆ ಉಗುಳಿದ. ಎರಡು ವಾರದ ಮೇಲೆ ಗ್ರಿಸ್ವಲ್ಡ್ ದೊಣ್ಣೆ ಹಿಡಿದು ಬಂದು ಬಾರಿಸಿದ. ಲಯನ್ ಅಗ್ಗಿಷ್ಟಿಕೆಯ ಇಕ್ಕಳವನ್ನು ಎತ್ತಿಕೊಂಡ. ಇಬ್ಬರೂ ನೆಲದ ಮೇಲೆ ಉರುಳಾಡಿದರು. ಸಭಾಸದರು ಕಾಲು ಹಿಡಿದೆಳೆದು ಬಿಡಿಸಬೇಕಾಯಿತು.

ಇಂಥ ಉರಿಯ ಮೇಲೆ ತುಪ್ಪ ಸುರಿದದ್ದು 1798ರ ಜುಲೈಯಲ್ಲಿ ಫೆಡರಲಿಸ್ಟರು ತಂದ ರಾಜದ್ರೋಹದ ಕಾಯಿದೆ. ಅಧ್ಯಕ್ಷರನ್ನಾಗಲಿ ಶಾಸನಸಭೆಯನ್ನಾಗಲಿ ದುರುದ್ದೇಶದಿಂದ ಹಳಿದು ಬರೆದವನಿಗೆ ಎರಡು ವರ್ಷದವರೆಗೆ ಸೆರೆ, ಎರಡು ಸಾವಿರ ಡಾಲರುಗಳವರೆಗೆ ದಂಡ. ಕಾಯಿದೆಯ ರಕ್ಷಣೆಗೆ ಒಳಗಾದವರ ಪಟ್ಟಿಯಲ್ಲಿ ಉಪಾಧ್ಯಕ್ಷರ ಹೆಸರಿಲ್ಲ! ಅಂದರೆ ಜೆಫರ್ಸನ್ನರನ್ನು ಯಾರು ಎಷ್ಟು ಬೇಕಾದರೂ ಬೈಯಬಹುದಾಗಿತ್ತು. ಆ ವರ್ಷವೇ ನ್ಯೂಜೆರ್ಸಿಯ ನೆವಾರ್ಕ್ ಊರಿನಲ್ಲಿ ಅಧ್ಯಕ್ಷರ ಸವಾರಿ ಹಾದುಹೋಗುವಾಗ ಗೌರವಾರ್ಥ ಫಿರಂಗಿ ಹಾರಿಸಿದರು. ಕುಡಿದಿದ್ದ ಲೂಥರ್ ಬಾಲ್ಡ್ವಿನ್ ಎಂಬ ಸಾಮಾನ್ಯನೊಬ್ಬ, ಆ ಗುಂಡು ಅವರ ಪೃಷ್ಠಭಾಗಕ್ಕೆ ತಗುಲಿದರೂ ತನಗೆ ಚಿಂತೆಯಿಲ್ಲವೆಂದ. ಪಾಪ, ಆ ಒಂದು ಮಾತಿಗೆ 150 ಡಾಲರು ದಂಡ ತೆತ್ತ. ಇಕ್ಕಳದ ವೀರ ಲಯನ್ನನಿಗೆ ಅಧ್ಯಕ್ಷರನ್ನು ಹಳಿದು ಬರೆದುದಕ್ಕೆ ನಾಲ್ಕು ತಿಂಗಳ ಸೆರೆ, ಸಾವಿರ ಡಾಲರು ದಂಡ. ಆದರೆ ವರ್ಮಾಂಟಿನ ಮತದಾರರು ಸೆರೆಮನೆಯಲ್ಲಿದ್ದವನನ್ನೇ ಮತ್ತೆ ಆರಿಸಿ ಕಳುಹಿಸಿದರು. ಬಾಯಿ ಮುಚ್ಚಿಸಲು ಹೊರಟ ಸರಕಾರವೇ ಎದುರಾಳಿಗಳನ್ನು ಹುಟ್ಟಿಸಿತೆಂದು ನನಗೆ ತೋರುತ್ತದೆ. ಹಾಗೆಂದು ಜೆಫರ್ಸನ್ನರ ಕೈ ಶುದ್ಧವಾಗಿತ್ತೆಂದಲ್ಲ. ಆಡಮ್ಸರನ್ನು ಬಾಯಿಗೆ ಬಂದಂತೆ ಬೈದು ಬರೆಯುತ್ತಿದ್ದ ಜೇಮ್ಸ್ ಕ್ಯಾಲೆಂಡರ್ ಎಂಬ ಪತ್ರಕರ್ತನಿಗೆ ಅವರು ಗುಟ್ಟಾಗಿ ಹಣ ಕೊಡುತ್ತಿದ್ದರು.

1800ರ ಚುನಾವಣೆ ಬಂತು. ಇಂದಿನಂತೆ ಒಂದೇ ದಿನದ ಚುನಾವಣೆಯಲ್ಲ. ಸಂಸ್ಥಾನಕ್ಕೊಂದು ರೀತಿ, ತಿಂಗಳುಗಟ್ಟಲೆ ಗದ್ದಲ. ಹೆಚ್ಚಿನ ಕಡೆ ಅಧ್ಯಕ್ಷರನ್ನು ಆರಿಸುವವರನ್ನು ಸಂಸ್ಥಾನದ ಶಾಸಕರೇ ನೇಮಿಸುತ್ತಿದ್ದರು. ಆದ್ದರಿಂದ ಮತದಾರರ ಕಾದಾಟವೆಲ್ಲ ಆ ಶಾಸಕರ ಚುನಾವಣೆಯಲ್ಲಿ. ಗುಪ್ತ ಮತದಾನವಂತೂ ಇಲ್ಲವೇ ಇಲ್ಲ. ಅದು ಆ ದೇಶಕ್ಕೆ ಬಂದದ್ದು 1888ರಿಂದೀಚೆಗೆ. ಆಗ ಅನೇಕ ಚುನಾವಣೆಗಳಲ್ಲಿ ಮತದಾರ ಎಲ್ಲರೆದುರು ನಿಂತು ತನ್ನ ಅಭ್ಯರ್ಥಿಯ ಹೆಸರನ್ನು ಕೂಗಿ ಹೇಳಬೇಕಾಗಿತ್ತು. ಸಾಲ ಕೊಟ್ಟವನು, ಜಮೀನಿನ ಒಡೆಯ, ಬೀಗರು, ನೆಂಟರು ಎಲ್ಲರ ಕಿವಿಗೂ ಬೀಳುವಂತೆ! ದ್ವೇಷ ಬೆಳೆಯದೆ ಏನು ಮಾಡೀತು? ಮತ ಇದ್ದವರಾದರೂ ಯಾರು? ಬಹುಮಟ್ಟಿಗೆ ಆಸ್ತಿಯುಳ್ಳ ಬಿಳಿಯ ಗಂಡಸರು. ನ್ಯೂಜೆರ್ಸಿಯಲ್ಲಿ ಮಾತ್ರ ಸ್ವಂತ ಆಸ್ತಿಯುಳ್ಳ ಹೆಂಗಸರಿಗೂ ಮತವಿತ್ತು. 1807ರಲ್ಲಿ ಅದನ್ನೂ ಕಿತ್ತುಕೊಂಡರು. ಗುಲಾಮರಿಗೆ ಮತವಿಲ್ಲ, ಆದರೆ ಅವರ ಒಡೆಯರ ಸಂಸ್ಥಾನಗಳಿಗೆ ಪ್ರಾತಿನಿಧ್ಯ ಕೊಡುವಾಗ ಐವರು ಗುಲಾಮರನ್ನು ಮೂವರೆಂದು ಎಣಿಸುತ್ತಿದ್ದರು. ಆ ಎಣಿಕೆಯಿಲ್ಲದಿದ್ದರೆ ಜೆಫರ್ಸನ್ ಗೆಲ್ಲುತ್ತಿರಲಿಲ್ಲವೆಂದು ಎದುರಾಳಿಗಳು ಹಂಗಿಸುತ್ತಿದ್ದುದು ಸುಳ್ಳಲ್ಲ.

ವೃತ್ತಪತ್ರಿಕೆಗಳು ಮಿತಿ ಮೀರಿದವು. ಜೆಫರ್ಸನ್ ನಾಸ್ತಿಕ, ಅವರು ಗೆದ್ದರೆ ಕೊಲೆ, ಸುಲಿಗೆ, ವ್ಯಭಿಚಾರಗಳೇ ಬಹಿರಂಗವಾಗಿ ಬೋಧನೆಯಾಗುವುವು ಎಂದು ಕನೆಕ್ಟಿಕಟ್ಟಿನ ಪತ್ರಿಕೆಯೊಂದು ಬರೆಯಿತು. ಅದನ್ನು ನಂಬಿದ ದೈವಭಕ್ತ ಗೃಹಿಣಿಯರು ಬೈಬಲ್ ಗ್ರಂಥವನ್ನು ತೋಟದಲ್ಲಿ ಹೂತಿಟ್ಟರೆಂದೂ ಕಥೆಗಳುಂಟು.

ಫಲಿತಾಂಶ ಮತ್ತೊಂದು ತೊಡಕು. ಆಡಮ್ಸರು 65 ಮತ ಪಡೆದು ಸೋತರು. ಆದರೆ ಜೆಫರ್ಸನ್ನರಿಗೆ 73, ಉಪಾಧ್ಯಕ್ಷನಾಗಲೆಂದು ಜೊತೆಗೆ ನಿಲ್ಲಿಸಿದ್ದ ಏರನ್ ಬರ್ರನಿಗೂ 73! ತೀರ್ಮಾನ ಪ್ರತಿನಿಧಿ ಸಭೆಯ ಪಾಲಿಗೆ ಬಂತು. ಹದಿನಾರು ಸಂಸ್ಥಾನಗಳಿಗೆ ಒಂದೊಂದು ಮತ. ಗೆಲ್ಲಲು ಒಂಬತ್ತು ಬೇಕು. 1801ರ ಫೆಬ್ರವರಿ 11ರಿಂದ ಮೂವತ್ತೈದು ಸಲ ಎಣಿಸಿದರು. ಜೆಫರ್ಸನ್ನರಿಗೆ ಎಂಟರ ಮೇಲೆ ಏರಲಿಲ್ಲ. ಮೇರಿಲ್ಯಾಂಡಿನ ಜೋಸೆಫ್ ನಿಕೊಲ್ಸನ್ನನಿಗೆ ತೀವ್ರ ಜ್ವರ. ಆತ ಬಾರದಿದ್ದರೆ ಆ ಸಂಸ್ಥಾನ ಬರ್ರನ ಪಾಲು. ಹಿಮ ಸುರಿಯುತ್ತಿರುವಲ್ಲಿ ಆತನನ್ನು ಹಾಸಿಗೆಯ ಮೇಲೆಯೇ ಹೊತ್ತು ತಂದರು. ಪಕ್ಕದಲ್ಲಿ ಕುಳಿತ ಹೆಂಡತಿ ಔಷಧ ಕುಡಿಸುತ್ತಿದ್ದಂತೆ ಆತ ಮತ ಬರೆದುಕೊಟ್ಟ. ಹೊರಗೆ ವರ್ಜೀನಿಯ, ಪೆನ್ಸಿಲ್ವೇನಿಯಗಳ ಗವರ್ನರುಗಳು ಸೇನಾದಳಗಳನ್ನು ಸಜ್ಜುಗೊಳಿಸುತ್ತಿದ್ದರು. ಫೆಬ್ರವರಿ 17ರಂದು ಮೂವತ್ತಾರನೆಯ ಸಲ ಗಂಟು ಬಿಚ್ಚಿತು. ವರ್ಮಾಂಟಿನ ಫೆಡರಲಿಸ್ಟ್ ಪ್ರತಿನಿಧಿ ಹೊರಗುಳಿದ. ಆ ಸಂಸ್ಥಾನದ ಮತವನ್ನು ಜೆಫರ್ಸನ್ನರಿಗೆ ಹಾಕಿದವನು ಯಾರು ಬಲ್ಲಿರಾ? ಸೆರೆಮನೆ ಕಂಡು ಬಂದ ಆ ಮ್ಯಾಥ್ಯೂ ಲಯನ್ನನೇ.

ಮಾರ್ಚ್ 4ರಂದು ಹೊಸ ಅಧ್ಯಕ್ಷರ ಪ್ರಮಾಣವಚನ. ಆಡಮ್ಸರು ಬೆಳಗಿನ ಜಾವ ನಾಲ್ಕು ಗಂಟೆಗೇ ಬಂಡಿ ಹತ್ತಿ ಊರು ಬಿಟ್ಟರು. ಹಳೆಯ ಗೆಳೆಯನ ಮುಖ ನೋಡಲಿಲ್ಲ. ಆದರೂ ಹೋದರು ಎಂಬುದು ಮುಖ್ಯ. ಕಾವಲಿನ ಸೈನಿಕರನ್ನು ಕರೆಯಲಿಲ್ಲ, ಎಣಿಕೆ ಸುಳ್ಳೆನ್ನಲಿಲ್ಲ. 2021ರ ಜನವರಿ 6ರಂದು ವಾಷಿಂಗ್ಟನ್ನಿನ ಶಾಸನಭವನದಲ್ಲಿ ನಡೆದುದನ್ನು ಪರದೆಯ ಮೇಲೆ ಕಂಡ ನಮಗೆ ಆ ನಸುಕಿನ ಬಂಡಿಯ ಬೆಲೆ ಹೆಚ್ಚು ತಿಳಿಯುತ್ತದೆ. ಜೆಫರ್ಸನ್ನರು ತಮ್ಮ ಮೊದಲ ಭಾಷಣದಲ್ಲಿ, ನಾವೆಲ್ಲರೂ ಎರಡು ಪಕ್ಷದವರೂ ಹೌದು ಎಂಬ ಅರ್ಥದ ಮಾತನ್ನಾಡಿದರು.

ಅದನ್ನು ಜನ ಕೇಳಿದರೇ? ಮ್ಯಾಸಚುಸೆಟ್ಸಿನ ಚೆಷರ್ ಎಂಬ ರಿಪಬ್ಲಿಕನ್ ಹಳ್ಳಿಯ ರೈತರು ಜೆಫರ್ಸನ್ನರಿಗೆ ಕಾಣಿಕೆಯಾಗಿ 1,235 ಪೌಂಡು ತೂಕದ ಚೀಸ್ ಗಡ್ಡೆಯೊಂದನ್ನು ಮಾಡಿ, 1802ರ ಹೊಸ ವರ್ಷದ ದಿನ ಒಪ್ಪಿಸಿದರು. ಅದಕ್ಕೆ ಒಂದು ಫೆಡರಲಿಸ್ಟ್ ಹಸುವಿನ ಹಾಲೂ ಬೆರೆಯದಂತೆ ನೋಡಿಕೊಂಡರಂತೆ! ಹಸುಗಳಿಗೂ ಪಕ್ಷ. ಇದು ನಗುವ ಕಥೆ. ನಗಲಾಗದ್ದೂ ಇದೆ. 1801ರ ಜುಲೈ 4ರಂದು ಜಾರ್ಜ್ ಈಕರ್ ಎಂಬ ರಿಪಬ್ಲಿಕನ್ ವಕೀಲ ಫೆಡರಲಿಸ್ಟರ ಧುರೀಣ ಅಲೆಕ್ಸಾಂಡರ್ ಹ್ಯಾಮಿಲ್ಟನ್ನನನ್ನು ಹಳಿದು ಭಾಷಣ ಮಾಡಿದ್ದ. ನವೆಂಬರಿನಲ್ಲಿ ಒಂದು ರಾತ್ರಿ ನ್ಯೂಯಾರ್ಕಿನ ನಾಟಕಶಾಲೆಯಲ್ಲಿ ಹ್ಯಾಮಿಲ್ಟನ್ನನ ಹಿರಿಯ ಮಗ ಫಿಲಿಪ್ ಅವನನ್ನು ಹೀಯಾಳಿಸಿದ. ಮಾತಿಗೆ ಮಾತು ಬೆಳೆದು ದ್ವಂದ್ವಯುದ್ಧಕ್ಕೆ ಬಂತು. ಹಡ್ಸನ್ ನದಿಯಾಚೆ, ನಮ್ಮ ಹಿರಿಯರ ಮಗಳಿರುವ ಅದೇ ನ್ಯೂಜೆರ್ಸಿಯ ನೆಲದಲ್ಲಿ, ಫಿಲಿಪ್ ಗುಂಡಿಗೆ ಬಿದ್ದ. ಅವನಿಗೆ ಹತ್ತೊಂಬತ್ತು ವರ್ಷ. ತಂಗಿ ಏಂಜೆಲಿಕ ಅಣ್ಣನ ದುಃಖದಲ್ಲಿ ಬುದ್ಧಿಭ್ರಮಣೆಗೆ ಒಳಗಾದವಳು ಮತ್ತೆ ಚೇತರಿಸಿಕೊಳ್ಳಲೇ ಇಲ್ಲ. 1804ರಲ್ಲಿ ನದಿಯ ಅದೇ ದಡದಲ್ಲಿ ಬರ್ರನ ಗುಂಡಿಗೆ ತಂದೆಯೂ ಬಲಿಯಾದ.

ಅದೇ ವರ್ಷದ ಏಪ್ರಿಲಿನಲ್ಲಿ ಪಾಲಿ ಜೆಫರ್ಸನ್ ತನ್ನ ಇಪ್ಪತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡಳು. ಸುದ್ದಿ ಕೇಳಿದ ಅಬಿಗೇಲ್ ಗಂಡನಿಗೆ ಹೇಳದೆಯೇ ಲೇಖನಿ ಹಿಡಿದರು. ಒಮ್ಮೆ ಮಡಿಲಲ್ಲಿ ಅತ್ತಿದ್ದ ಮಗುವನ್ನು ನೆನೆದು ತಂದೆಗೆ ಸಾಂತ್ವನ ಬರೆದರು. ಜೆಫರ್ಸನ್ನರು ಕೃತಜ್ಞತೆಯಿಂದ ಉತ್ತರಿಸಿದರು. ಆದರೆ ಜೊತೆಗೆ ಹಳೆಯ ರಾಜಕೀಯದ ಮಾತನ್ನೂ ತೆಗೆದರು. ಅಬಿಗೇಲ್ ಕ್ಯಾಲೆಂಡರನ ವಿಷಯವನ್ನು ಬಿಡಲಿಲ್ಲ: ಹಾಲೆರೆದು ಸಾಕಿದ ಹಾವು ಕೊನೆಗೆ ನಿಮ್ಮನ್ನೇ ಕಚ್ಚಿತಲ್ಲವೇ ಎಂಬ ಧಾಟಿಯಲ್ಲಿ ಬರೆದರು. ಮಾತು ನಿಜ, 1802ರಿಂದ ಆತ ಜೆಫರ್ಸನ್ನರ ಮನೆಯ ಗುಟ್ಟುಗಳನ್ನೇ ಬೀದಿಗೆ ಎಳೆದಿದ್ದ. ಕೆಲವೇ ತಿಂಗಳಲ್ಲಿ ಪತ್ರಗಳು ನಿಂತವು. ಹೆಣ್ಣುಮಗಳ ಸಾವೂ ಕಟ್ಟಲಾರದಷ್ಟು ಅಗಲವಾಗಿತ್ತು ಬಿರುಕು.

ಇನ್ನೂ ಎಂಟು ವರ್ಷ ಕಳೆಯಬೇಕಾಯಿತು. ಇಬ್ಬರಿಗೂ ಮಿತ್ರರಾಗಿದ್ದ ವೈದ್ಯ ಬೆಂಜಮಿನ್ ರಷ್ ಬೆನ್ನು ಬಿಡದೆ ಒತ್ತಾಯಿಸಿದ ಮೇಲೆ 1812ರ ಜನವರಿ 1ರಂದು ಆಡಮ್ಸರು ನಾಲ್ಕು ಸಾಲು ಬರೆದು, ಮನೆಯಲ್ಲಿ ನೆಯ್ದ ಎರಡು ತುಂಡುಗಳನ್ನು ಕಳುಹಿಸಿದ್ದೇನೆಂದು ವಿನೋದವಾಗಿ ತಿಳಿಸಿದರು. ಜೆಫರ್ಸನ್ನರು ಅದನ್ನು ಬಟ್ಟೆಯೆಂದೇ ತಿಳಿದು, ವರ್ಜೀನಿಯದ ಮನೆಮನೆಗಳ ನೂಲು, ಮಗ್ಗಗಳ ಬಗೆಗೆ ಉದ್ದನೆಯ ಉತ್ತರ ಬರೆದರು. ಆಮೇಲೆ ಕಟ್ಟು ಬಂತು. ಬಿಚ್ಚಿ ನೋಡಿದರೆ ಅದು ಆಡಮ್ಸರ ಮಗ ಜಾನ್ ಕ್ವಿನ್ಸಿಯ ಉಪನ್ಯಾಸಗಳ ಎರಡು ಸಂಪುಟ! ಅಲ್ಲಿಂದ ಹದಿನಾಲ್ಕು ವರ್ಷ ಕಾಗದಗಳು ಓಡಾಡಿದವು. ಒಟ್ಟು 158, ಅದರಲ್ಲಿ ಆಡಮ್ಸರವೇ 109. ಸೋತವರಿಗೆ ಹೇಳಿಕೊಳ್ಳುವುದು ಹೆಚ್ಚಿರುತ್ತದೆ.

1826ರ ಜುಲೈ 4ರಂದು, ಘೋಷಣೆಗೆ ಐವತ್ತು ವರ್ಷ ತುಂಬಿದ ದಿನ, ಮಧ್ಯಾಹ್ನ ವರ್ಜೀನಿಯದಲ್ಲಿ ಜೆಫರ್ಸನ್ ಕಣ್ಣು ಮುಚ್ಚಿದರು. ಸಂಜೆ ಮ್ಯಾಸಚುಸೆಟ್ಸಿನಲ್ಲಿ ಆಡಮ್ಸ್. ಜೆಫರ್ಸನ್ ಇನ್ನೂ ಇದ್ದಾರೆಂಬುದು ಆಡಮ್ಸರ ಕಡೆಯ ಮಾತುಗಳಲ್ಲೊಂದೆಂದು ಪ್ರತೀತಿ. ಆಗ ಅಧ್ಯಕ್ಷ ಪದವಿಯಲ್ಲಿದ್ದವರು ಆ ಉಪನ್ಯಾಸಗಳ ಮಗ ಜಾನ್ ಕ್ವಿನ್ಸಿ ಆಡಮ್ಸ್. ತಂದೆಯನ್ನು ನೋಡಲೆಂದು ಹೊರಟಿದ್ದ ಅವರಿಗೆ ಸಾವಿನ ಸುದ್ದಿ ದಾರಿಯಲ್ಲಿ ಸಿಕ್ಕಿತು. ಎರಡು ವರ್ಷಗಳ ತರುವಾಯ, 1800ಕ್ಕಿಂತಲೂ ಹೊಲಸಾದ ಚುನಾವಣೆಯೊಂದರಲ್ಲಿ, ಅವರು ಆಂಡ್ರೂ ಜ್ಯಾಕ್ಸನ್ನರಿಗೆ ಸೋತರು. 1829ರ ಮಾರ್ಚ್ 4ರಂದು ಜ್ಯಾಕ್ಸನ್ನರು ಪ್ರಮಾಣವಚನ ಸ್ವೀಕರಿಸುವಾಗ, ತಂದೆಯಂತೆಯೇ, ಅವರೂ ಅಲ್ಲಿರಲಿಲ್ಲ.